ದನಿ ಬದಲಾಗಲಿ, ಕೊಳಗ ಬದಲಾಗುವುದು ಬೇಡ

ಶಿವಮೊಗ್ಗದಿಂದ ಭದ್ರಾವತಿ ಕಡೆ ಹೋಗುವಾಗ ಸಿಗುವ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿಗಳಿವೆ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳು. ಫೌಂಡ್ರಿಯಲ್ಲಿ ಕಬ್ಬಿಣ ಸುರಿಯುವ ಹೊತ್ತು ಮಾತುಕತೆಗೆ ಜಾಗವಿಲ್ಲ. ವಾಹನದ ಬಿಡಿಭಾಗಗಳಿಗೆ ಬೇಕಾದ, ಸುಲಭಕ್ಕೆ ಬಿರುಕು ಬಿಡದ ಡಕ್ಟೈಲ್ ಐರನ್ ಮಾಡುವಾಗ 1400 ಡಿಗ್ರಿ ದಾಟಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಸೇರಿಸುತ್ತಾರೆ. ಸೇರಿಸಿದ ಗಳಿಗೆಯಿಂದಲೇ ಅದರ ಗುಣ ಇಳಿಯೋಕೆ ಶುರು. ಹತ್ತು ಹನ್ನೆರಡು ನಿಮಿಷದೊಳಗೆ ಅಚ್ಚುಗಳಿಗೆ ಸುರಿದು ಮುಗಿಸಬೇಕು. ತಡವಾದರೆ ಎರಕ ಹೊರಗಿನಿಂದ ನೋಡೋಕೆ ಚೆನ್ನಾಗಿಯೇ ಇರುತ್ತದೆ, ಒಳಗೆ ಬಲ ಇರುವುದಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ಸೂಪರ್‌ವೈಸರ್ ಬಾಯಿಂದ ಬರುವುದು ಒಂದೊಂದೇ ಮಾತು. ‘ಎತ್ತು’, ‘ಸುರಿ’, ‘ನಿಲ್ಸು’. ಕಿರುಚಿಯೇ ಹೇಳುತ್ತಾರೆ, ಫರ್ನೇಸ್ ಸದ್ದಿನಲ್ಲಿ ಇನ್ನೇನು ಮಾಡೋಕಾಗುತ್ತೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅದೇ ಸೂಪರ್‌ವೈಸರ್ ಸಂಜೆ, ಕೆಟ್ಟ ಎರಕಗಳ ಕಾರಣ ಹುಡುಕುವ ರಿಜೆಕ್ಷನ್ ಮೀಟಿಂಗ್‌ಗೆ ಕೂರುತ್ತಾರೆ ಅಂದುಕೊಳ್ಳಿ. ಮೇಜಿನ ಮೇಲೆ ಒಳಗೆ ಗಾಳಿ ಸಿಕ್ಕಿಕೊಂಡು ತೂತು ಬಿದ್ದ ಎರಕದ ತುಂಡುಗಳು. ಬೆಳಗಿನ ದನಿಯಲ್ಲೇ ‘ಯಾರು ಮಾಡಿದ್ದು ಇದು?’ ಎಂದರೆ ಮೀಟಿಂಗ್ ಅಲ್ಲಿಗೇ ಮುಗಿಯಿತು. ಎಲ್ಲರೂ ನೆಲ ನೋಡುತ್ತಾರೆ. ಕಾರಣ ಗೊತ್ತಿರುವವನು ಬಹುಶಃ ಮರಳು ಹದ ಮಾಡುವ ಆಪರೇಟರ್. ಅಚ್ಚಿನ ಮರಳಿನಲ್ಲಿ ತೇವ ಶೇ 3ರಿಂದ 4ರ ಆಸುಪಾಸು ಇರಬೇಕು. ಆಷಾಢದಲ್ಲಿ ನಮ್ಮ ಕಡೆ ಗಾಳಿಯೇ ಒದ್ದೆ. ಹೊರಗೆ ರಾಶಿ ಹಾಕಿದ ಮರಳೂ ಒದ್ದೆ. ಅನುಭವಸ್ಥ ಆಪರೇಟರ್ ಒಂದು ಹಿಡಿ ಮರಳು ತೆಗೆದು ಮುಷ್ಟಿಯಲ್ಲಿ ಅಮುಕುತ್ತಾನೆ. ಬೆರಳಿನ ಗುರುತು ಹೇಗೆ ಬಿತ್ತು, ಮುರಿದರೆ ಅಂಚು ಹೇಗೆ ನಿಂತಿತು ಅಂತ ನೋಡಿಯೇ ‘ಇವತ್ತು ನೀರು ಜಾಸ್ತಿಯಾಗಿದೆ’ ಎನ್ನಬಲ್ಲ. ಆದರೆ ಕೇಳಬೇಕು. ಬೈಗುಳ ಬರುವುದಿಲ್ಲ ಎಂಬ ಧೈರ್ಯ ಅವನಿಗೆ ಬರುವ ಹಾಗೆ ಕೇಳಬೇಕು.

ಮ್ಯಾನೇಜ್‌ಮೆಂಟ್ ಕಲಿಸುವವರು ಇದಕ್ಕೆ ಸಿಚುಯೇಷನಲ್ ಲೀಡರ್‌ಶಿಪ್ ಅನ್ನುತ್ತಾರೆ. ಜನ, ಸಂದರ್ಭ ನೋಡಿಕೊಂಡು ಕೆಲಸ ತೆಗೆಯುವ ರೀತಿ ಬದಲಿಸುವುದು. ಕಂಪನಿ ತರಬೇತಿಗಳಲ್ಲಿ ಇದೊಂದು ಮಾಮೂಲಿ ಪಾಠ. ಪರದೆ ಮೇಲೆ ನಾಲ್ಕು ಮನೆಯ ಚೌಕ ತೋರಿಸುತ್ತಾರೆ, ಮಧ್ಯಾಹ್ನ ಊಟ ಹಾಕಿಸುತ್ತಾರೆ, ಸಂಜೆ ಸರ್ಟಿಫಿಕೇಟು.

ಪಾಠ ತಪ್ಪಲ್ಲ. ನನ್ನ ತಕರಾರು ಬೇರೆ ಕಡೆ ಇದೆ. ಮನುಷ್ಯರನ್ನು ನೋಡಿ ದನಿ ಬದಲಿಸುವುದು ನಮ್ಮ ಕಡೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ತೋಟದ ಯಜಮಾನರು, ಆಫೀಸಿನ ಸಾಹೇಬರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದೇ ಅದು. ಯಾರ ಮನೆಯವನು, ಯಾವ ಜಾತಿ, ಯಾರ ಕಡೆಯವನು ಅಂತ ನೋಡಿ ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಏಕವಚನ. ಹಾಗಾಗಿ ದನಿ ಬದಲಿಸಬೇಕೋ ಬೇಡವೋ ಎಂದು ಕೇಳಿ ಪ್ರಯೋಜನವಿಲ್ಲ. ಏನನ್ನು ನೋಡಿ ಬದಲಿಸುತ್ತೀರಿ ಎಂದು ಕೇಳಬೇಕು. ಎದುರಿಗಿರುವ ಕೆಲಸ ಎಂಥದ್ದು, ಆ ಕೆಲಸದಲ್ಲಿ ಈ ಮನುಷ್ಯನ ಕೈ ಎಷ್ಟು ಪಳಗಿದೆ ಎಂಬುದನ್ನು ನೋಡಿದರೆ ಅದು ಮುಂದಾಳತನ. ಮನುಷ್ಯ ಯಾರು ಎಂದು ನೋಡಿದರೆ ಅದು ಹಳೇ ಪಕ್ಷಪಾತವೇ.

ಈ ಮಾತು ಈಗ ಯಾಕೆ ಅಂದರೆ, ಒಂದೇ ದನಿಯಲ್ಲಿ ಕೆಲಸ ತೆಗೆಯುವ ಕಾಲ ಮಲೆನಾಡಿನಲ್ಲಿ ಮುಗಿಯುತ್ತಾ ಬಂದಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. 1923ರಲ್ಲಿ ಉತ್ಪಾದನೆ ಶುರುವಾಯಿತು, ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ಕಟ್ಟಿ ನಿಲ್ಲಿಸಿದರು, ಮುಂದೆ ಅದು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದ (ಸೇಲ್) ತೆಕ್ಕೆಗೆ ಹೋಯಿತು. ಅಲ್ಲಿ ಕಾಯಂ ಕೆಲಸ ಎಂದರೆ ಮನೆ, ಮದುವೆ, ಮಕ್ಕಳ ಓದು ಎಲ್ಲಕ್ಕೂ ಆಧಾರ. ಮೇಲಿನವರು ಒರಟಾಗಿದ್ದರೂ ಜನ ಸಹಿಸಿಕೊಂಡು ನಿವೃತ್ತಿವರೆಗೆ ಇರುತ್ತಿದ್ದರು. ಬಿಟ್ಟು ಹೋಗುವ ಮಾತೇ ಇರಲಿಲ್ಲ. 2023ರ ಜನವರಿಯಲ್ಲಿ ಆ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತರು. ಕಾಯಂ ಎಂಬ ಭರವಸೆ ಹೋದ ಮೇಲೆ ಸಹಿಸಿಕೊಳ್ಳುವ ಕಾರಣವೂ ಹೋಗುತ್ತದೆ. ಈಗಿನ ಹುಡುಗರು ಜಗಳ ಮಾಡುವುದಿಲ್ಲ. ಸುಮ್ನೆ ಸೋಮವಾರದಿಂದ ಬರುವುದಿಲ್ಲ, ಅಷ್ಟೇ.

ತೋಟದಲ್ಲೂ ಹಾಗೇ ಆಗಿದೆ. ಅಡಿಕೆ ಕೊಯ್ಲಿನಲ್ಲಿ ಕೊನೆಗಾರ ಇವತ್ತು ಯಜಮಾನನಿಗಿಂತ ಬಿಜಿ. ಮರ ಹತ್ತಬಲ್ಲವರು ಕಮ್ಮಿಯಾದರು, ತೋಟ ಜಾಸ್ತಿಯಾಯಿತು. ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕೊನೆ ಇಳಿಸುವ ಹುಡುಗರ ತಂಡಗಳು ಹುಟ್ಟಿಕೊಂಡಿವೆ. ಅವರು ದರ ಹೇಳುತ್ತಾರೆ, ದಿನ ಹೇಳುತ್ತಾರೆ. ಸುಲಿಯೋಕೆ, ಕಳೆಗೆ, ಮಣ್ಣು ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಿದ್ದಾರೆ. ಅವರಿಗೆ ‘ಒಡೆಯರು’ ಎಂಬ ಹಳೇ ಭಯಭಕ್ತಿ ಯಾಕಿರಬೇಕು? ಇನ್ನೊಂದು ಕಡೆ, ಡಿಪ್ಲೊಮಾ ಮುಗಿಸಿ ಬಂದ ಇಪ್ಪತ್ತೈದರ ಹುಡುಗ ತನ್ನಪ್ಪನ ವಯಸ್ಸಿನವರ ಮೇಲೆ ಶಿಫ್ಟ್ ಇನ್‌ಚಾರ್ಜ್. ಗಾರ್ಮೆಂಟ್ಸ್‌ನಲ್ಲಿ ನಿನ್ನೆವರೆಗೆ ಪಕ್ಕದ ಮೆಷಿನ್‌ನಲ್ಲಿ ಕೂತಿದ್ದವಳೇ ಇವತ್ತು ಲೈನ್ ಸೂಪರ್‌ವೈಸರ್. ಇವರಿಗೆಲ್ಲ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ತಮ್ಮ ಮೇಲಿನವರು ಹೇಗೆ ಕೂಗುತ್ತಿದ್ದರೋ ಹಾಗೇ ಕೂಗುತ್ತಾರೆ.

ಸಂಶೋಧನೆ ಏನು ಹೇಳುತ್ತದೆ

ಈ ವಿಷಯದ ಮೊದಲ ಪ್ರಸಿದ್ಧ ಪ್ರಯೋಗ ನಡೆದಿದ್ದು ಕಾರ್ಖಾನೆಯಲ್ಲಲ್ಲ, ಅಮೆರಿಕದ ಅಯೋವಾದಲ್ಲಿ, ಹತ್ತು ಹನ್ನೊಂದು ವರ್ಷದ ಹುಡುಗರ ಮೇಲೆ. ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಎಂಬ ಮೂವರು ಅದನ್ನು 1939ರಲ್ಲಿ ಪ್ರಕಟಿಸಿದರು. ಶಾಲೆ ಬಿಟ್ಟ ಮೇಲೆ ಹುಡುಗರು ಗುಂಪಾಗಿ ಕೈಕೆಲಸ ಮಾಡಬೇಕು. ಒಬ್ಬ ಮುಖಂಡ ಎಲ್ಲವನ್ನೂ ತಾನೇ ಹೇಳಿ ಮಾಡಿಸುತ್ತಾನೆ, ಇನ್ನೊಬ್ಬ ಹುಡುಗರ ಜೊತೆ ಚರ್ಚಿಸುತ್ತಾನೆ, ಮತ್ತೊಬ್ಬ ಏನಾದರೂ ಮಾಡಿಕೊಳ್ಳಿ ಅಂತ ಬಿಟ್ಟುಬಿಡುತ್ತಾನೆ. ಬಿಟ್ಟುಬಿಟ್ಟ ಗುಂಪಿನಲ್ಲಿ ಕೆಲಸ ಕೆಟ್ಟಿತು. ಹೇಳಿ ಮಾಡಿಸುವವನ ಗುಂಪಿನಲ್ಲಿ ಕೆಲಸವೇನೋ ಆಗುತ್ತಿತ್ತು, ಆದರೆ ಮುಖಂಡ ಕೋಣೆಯಿಂದ ಹೊರಗೆ ಹೋದ ಕೂಡಲೇ ನಿಂತುಹೋಗುತ್ತಿತ್ತು. ಚರ್ಚಿಸಿದವನ ಗುಂಪು ಅವನಿಲ್ಲದಿದ್ದಾಗಲೂ ಮುಂದುವರಿಸುತ್ತಿತ್ತು. ಸಾಹೇಬರ ಜೀಪು ಗೇಟು ದಾಟಿದ ಮೇಲೆ ನಮ್ಮ ಆಫೀಸುಗಳಲ್ಲಿ ಏನಾಗುತ್ತದೆ ಅಂತ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಮೇಲೆ ತುಂಬಾ ವರ್ಷ ‘ಒಳ್ಳೆಯ ರೀತಿ ಯಾವುದು’ ಎಂದೇ ಹುಡುಕಾಟ ನಡೆಯಿತು. ಒಂದೇ ಒಳ್ಳೆಯ ರೀತಿ ಇಲ್ಲ ಎಂಬ ತೀರ್ಮಾನಕ್ಕೆ ಜನ ಬಂದಿದ್ದು 1960ರ ದಶಕದಲ್ಲಿ. ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ಮಾದರಿಯೇ ಈಗ ತರಬೇತಿ ಹಾಲ್‌ಗಳಲ್ಲಿ ಕಾಣುವ ನಾಲ್ಕು ಮನೆಯ ಚೌಕ. ಕೆಲಸ ಗೊತ್ತಿಲ್ಲದವನಿಗೆ ಬಿಡಿಸಿ ಹೇಳು. ಸ್ವಲ್ಪ ಗೊತ್ತಿದ್ದು ಇನ್ನೂ ತಡವರಿಸುವವನಿಗೆ ಯಾಕೆ ಏನು ಅಂತ ವಿವರಿಸಿ ಒಪ್ಪಿಸು. ಕೆಲಸ ಗೊತ್ತಿದ್ದೂ ಧೈರ್ಯ ಸಾಲದವನನ್ನು ಜೊತೆಗೆ ಕೂರಿಸಿಕೊಂಡು ತೀರ್ಮಾನ ಮಾಡು. ಎರಡೂ ಇದ್ದವನಿಗೆ ವಹಿಸಿ ಪಕ್ಕಕ್ಕೆ ಸರಿ.

ಓದಿದರೆ ‘ಹೌದಲ್ಲ’ ಅನಿಸುತ್ತದೆ. ಹೌದಲ್ಲ ಅನಿಸುವುದೆಲ್ಲ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ರಾಬರ್ಟ್ ವೆಕಿಯೊ ಎಂಬುವರು 1987ರಲ್ಲಿ ಅಮೆರಿಕದ 14 ಹೈಸ್ಕೂಲುಗಳ 300ಕ್ಕೂ ಹೆಚ್ಚು ಶಿಕ್ಷಕರ ಮೇಲೆ ಇದನ್ನು ಪರೀಕ್ಷಿಸಿದರು. ಹೊಸಬರ ಮಟ್ಟಿಗೆ ಮಾದರಿ ಸರಿಹೊಂದಿತು: ಹೊಸದಾಗಿ ಸೇರಿದವರಿಗೆ ಹೆಡ್‌ಮಾಸ್ಟರು ಬಿಡಿಸಿ ಹೇಳಿಕೊಟ್ಟರೆ ಅನುಕೂಲ. ನುರಿತವರ ವಿಷಯದಲ್ಲಿ ಲೆಕ್ಕ ಕೂಡಿಬರಲಿಲ್ಲ. ಅಂದರೆ ಚೌಕದ ಮೊದಲ ಮನೆ ಗಟ್ಟಿ, ಕೊನೆಯ ಮನೆ ಜಾಳು. ತರಬೇತಿ ಕೊಡುವವರು ಈ ಅರ್ಧವನ್ನು ಹೇಳುವುದು ಕಮ್ಮಿ. ನನಗೆ ಅನಿಸುವುದು, ನುರಿತವರ ಹತ್ತಿರ ‘ನಿಮಗೇ ಬಿಟ್ಟೆ’ ಎಂದು ನಾಯಕ ನಾಪತ್ತೆಯಾಗುವುದು ಜಾಸ್ತಿ. ವಹಿಸುವುದು ಬೇರೆ, ಕೈತೊಳೆದುಕೊಳ್ಳುವುದು ಬೇರೆ, ಅಲ್ವಾ. ಇಪ್ಪತ್ತು ವರ್ಷ ಅನುಭವ ಇದ್ದವರಿಗೂ ಸಾಮಾನು ಬಂದಿಲ್ಲ ಎಂದರೆ ಕೇಳೋಕೆ ಒಬ್ಬರು ಬೇಕು, ಚೆನ್ನಾಗಿ ಆಯ್ತು ಎನ್ನೋಕೂ ಒಬ್ಬರು ಬೇಕು.

ನಮ್ಮ ದೇಶದ ಸ್ವಭಾವಕ್ಕೆ ಇನ್ನೂ ಹತ್ತಿರದ ಮಾತು ಹೇಳಿದವರು ಮನಶ್ಶಾಸ್ತ್ರಜ್ಞ ಜೈ ಬಿ.ಪಿ. ಸಿನ್ಹಾ. 1980ರಲ್ಲಿ ಅವರು ಮಂಡಿಸಿದ ವಾದ ಹೀಗಿದೆ: ಭಾರತದ ಕೆಲಸದ ಜಾಗಗಳಲ್ಲಿ ಮೊದಲ ದಿನದಿಂದಲೇ ‘ಎಲ್ಲರೂ ಸೇರಿ ತೀರ್ಮಾನ ಮಾಡೋಣ’ ಎಂದರೆ ಕೆಳಗಿನವರು ಗಲಿಬಿಲಿಗೊಳ್ಳುತ್ತಾರೆ, ಮೇಲಿನವನಿಗೆ ಕೆಲಸ ಗೊತ್ತಿಲ್ಲವೇನೋ ಅಂದುಕೊಳ್ಳುತ್ತಾರೆ. ಹಾಗಂತ ಬರೀ ದರ್ಪವೂ ನಡೆಯುವುದಿಲ್ಲ. ಕೆಲಸದ ವಿಷಯದಲ್ಲಿ ಬಿಗಿ, ಮನುಷ್ಯನ ವಿಷಯದಲ್ಲಿ ಅಕ್ಕರೆ. ಕೆಲಸ ಕಲಿತ ಹಾಗೆ ಹಗ್ಗ ಸಡಿಲ ಬಿಡುತ್ತಾ ಹೋಗಿ ಕೊನೆಗೆ ಜೊತೆಗೆ ಕೂರಿಸಿಕೊಳ್ಳುವುದು. ತೀರ್ಥಹಳ್ಳಿ, ಹೊಸನಗರದ ಹಳೇ ಮನೆಗಳಲ್ಲಿ ಒಳ್ಳೆಯ ಯಜಮಾನತಿಯರು ಅಡುಗೆಮನೆ ನಡೆಸುತ್ತಿದ್ದುದೂ ಹೆಚ್ಚುಕಮ್ಮಿ ಹೀಗೇ. ಒಂದು ಅಪಾಯ ಮಾತ್ರ ಇದೆ. ಅಕ್ಕರೆ ಎಂಬುದು ಸುಲಭವಾಗಿ ‘ನಾನು ನಿನ್ನ ತಂದೆ ಇದ್ದ ಹಾಗೆ, ಸಂಬಳ ಕೇಳ್ತೀಯಾ?’ ಎಂಬಲ್ಲಿಗೆ ಹೊರಳುತ್ತದೆ.

ಹಳಬರೂ ಹೊಸಬರಾಗುವ ದಿನ

ಮಾದರಿಗಳನ್ನು ಓದುವವರು ಮಾಡುವ ದೊಡ್ಡ ತಪ್ಪು, ಮನುಷ್ಯರನ್ನೇ ನಾಲ್ಕು ಮನೆಗೆ ಹಂಚಿಬಿಡುವುದು. ಇವಳು ಹೊಸಬಳು, ಇವನು ಅನುಭವಸ್ಥ, ಮುಗೀತು. ಗಾರ್ಮೆಂಟ್ಸ್ ಲೈನ್‌ನಲ್ಲಿ ಒಂದು ವಾರ ನೋಡಿದವರಿಗೆ ಇದು ಯಾಕೆ ತಪ್ಪು ಅಂತ ಗೊತ್ತಾಗುತ್ತದೆ. ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಟೇಲರ್ ಒಬ್ಬಳಿದ್ದಾಳೆ ಅಂದುಕೊಳ್ಳಿ. ಆರ್ಡರ್ ಮುಗಿಯಿತು, ಸೋಮವಾರ ಹೊಸ ಸ್ಟೈಲ್ ಬಂತು. ಬಟ್ಟೆ ಜಾರುವಂಥದ್ದು, ಹೊಲಿಗೆ ಬೇರೆ, ಮೆಷಿನ್‌ಗೆ ಬಟ್ಟೆ ಮಡಚಿ ಕೊಡುವ ಹೊಸ ಫೋಲ್ಡರ್ ಹಾಕಿದ್ದಾರೆ. ಆ ದಿನ ಅವಳು ಮತ್ತೆ ಹೊಸಬಳೇ. ಗಂಟೆಗಂಟೆಗೆ ಬೋರ್ಡ್ ಮೇಲೆ ಪೀಸ್ ಲೆಕ್ಕ ಬರೆಯುವವರು ಅದನ್ನು ನೋಡುವುದಿಲ್ಲ. ‘ನೀನೇ ಹಿಂಗೆ ಮಾಡಿದ್ರೆ ಹೆಂಗೆ?’ ಎನ್ನುತ್ತಾರೆ. ಅವಳಿಗೆ ಆಗ ಬೇಕಾಗಿದ್ದು ಪಕ್ಕದಲ್ಲಿ ನಿಂತು ಎರಡು ಪೀಸ್ ಹೊಲಿದು ತೋರಿಸುವ ಒಬ್ಬರು. ಗುರುವಾರದ ಹೊತ್ತಿಗೆ ಕೈ ಕೂತಿರುತ್ತದೆ. ಆಗ ಪಕ್ಕದಲ್ಲಿ ನಿಂತರೆ ಕಿರಿಕಿರಿ.

ಇದು ಬರೀ ಊಹೆಯಲ್ಲ. ಅಚ್ಯುತ ಅಧ್ವರ್ಯು, ಅನಂತ್ ನಿಶಾಧಮ್, ಜಾರ್ಜ್ ತಮಾಯೊ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಒಂದು ದೊಡ್ಡ ಗಾರ್ಮೆಂಟ್ಸ್ ಕಂಪನಿಯ ಎರಡು ವರ್ಷಗಳ ಉತ್ಪಾದನೆ ಲೆಕ್ಕವನ್ನು ಲೈನ್ ಲೈನ್, ದಿನ ದಿನ ಬಿಡಿಸಿ ನೋಡಿದರು. ಜೊತೆಗೆ ಲೈನ್ ಸೂಪರ್‌ವೈಸರ್‌ಗಳು ಹೇಗೆ ಕೆಲಸ ಮಾಡುತ್ತಾರೆ ಅಂತ ಅವರನ್ನೇ ವಿವರವಾಗಿ ಕೇಳಿದರು. ಹೊಸ ಆರ್ಡರ್ ಬಂದಾಗ ಲೈನ್ ಎಷ್ಟು ಬೇಗ ಕಲಿತು ವೇಗ ಪಡೆಯುತ್ತದೆ ಎಂಬುದು ಸೂಪರ್‌ವೈಸರ್ ಎಂಥವರು ಎಂಬುದರ ಮೇಲೂ ನಿಂತಿತ್ತು. ಮುಖ್ಯವಾಗಿ, ಲೈನ್ ಮೇಲೆ ಅವರಿಗೆ ಎಷ್ಟು ಗಮನ ಇದೆ, ಸಮಸ್ಯೆ ಬಂದಾಗ ತಾವೇ ಮುಂದಾಗಿ ಬಿಡಿಸುತ್ತಾರಾ ಎಂಬುದು. ಗಮನ ಎಂದರೆ ಕಣ್ಗಾವಲಲ್ಲ. ಯಾರ ಮೆಷಿನ್ ಹತ್ತಿರ ಬಂಡಲ್ ಗುಡ್ಡೆ ಬೀಳುತ್ತಿದೆ, ಯಾಕೆ ಬೀಳುತ್ತಿದೆ ಅಂತ ನೋಡುವುದು. ಅದೇ ಅಧ್ಯಯನದ ಇನ್ನೊಂದು ಮಾತು ಚುಚ್ಚುವಂಥದ್ದು: ಇಷ್ಟು ಲಾಭ ತರುವ ಈ ಗುಣಗಳಿಗೆ ಸಂಬಳದಲ್ಲಿ ತಕ್ಕ ಬೆಲೆ ಸಿಗುತ್ತಿರಲಿಲ್ಲ.

ತೋಟದ ಕೆಲಸದಲ್ಲೂ ಇದೇ ಲೆಕ್ಕ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಗೆ ನಮ್ಮಲ್ಲಿ ನೂರು ವರ್ಷದ ಮೇಲಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ರೂಢಿಗೆ ತಂದವರಲ್ಲಿ ಮುಖ್ಯರು. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿಕೊಳ್ಳಬೇಕು, ಕಬ್ಬಿಣದ ಪಾತ್ರೆ ಕೂಡದು, ಬೆರೆಸಿದ ಮೇಲೆ ಹೊಳಪಿರುವ ಕತ್ತಿ ಅದ್ದಿ ನೋಡಬೇಕು. ಕತ್ತಿಗೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಕಮ್ಮಿಯಾಗಿದೆ ಎಂದರ್ಥ. ಹೊಸದಾಗಿ ಬಂದ ಹುಡುಗನಿಗೆ ಇದನ್ನು ಒಂದೊಂದಾಗಿ ಹೇಳಿ ಎದುರಲ್ಲೇ ಮಾಡಿಸಬೇಕು. ‘ನೋಡ್ಕೊಂಡು ಮಾಡಪ್ಪ’ ಎಂದರೆ ಔಷಧಿಯೂ ಹಾಳು, ಫಸಲೂ ಹಾಳು. ಮೂವತ್ತು ವರ್ಷ ಮರ ಹತ್ತಿದ ಕೊನೆಗಾರನಿಗೆ ಅದೇ ಪಾಠ ಹೇಳಿದರೆ ಮುಖ ತಿರುಗಿಸುತ್ತಾನೆ. ಯಾವ ಕಡೆಯಿಂದ ಶುರು ಮಾಡಬೇಕು, ಮಳೆ ಎಷ್ಟು ಹೊತ್ತು ಬಿಡುವು ಕೊಡುತ್ತದೆ, ಯಾವ ಮರ ಪಾಚಿ ಕಟ್ಟಿ ಜಾರುತ್ತದೆ ಎಂಬುದು ಅವನಿಗೆ ಬಿಟ್ಟಿದ್ದು.

ಆದರೆ ಅದೇ ಕೊನೆಗಾರನ ಕೈಗೆ ಫೈಬರ್ ದೋಟಿ ಕೊಟ್ಟ ದಿನ? ಉದ್ದಕ್ಕೆ ಬಳುಕುವ ಕೋಲನ್ನು ತಲೆ ಮೇಲೆ ಎತ್ತಿ ಹಿಡಿಯುವ ಕಸರತ್ತು ಬೇರೆಯೇ. ಕುತ್ತಿಗೆ ಬೇರೆ ಥರ ನೋಯುತ್ತದೆ. ಪಕ್ಕದಲ್ಲಿ ವಿದ್ಯುತ್ ತಂತಿ ಇದ್ದರೆ ಜೀವಕ್ಕೇ ಅಪಾಯ, ಯಾಕೆಂದರೆ ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಆ ದಿನ ಅವನೂ ಕಲಿಯುವವನು. ಹಿರಿಯನಿಗೆ ಹೇಗೆ ಹೇಳಿಕೊಡೋದು ಎಂಬ ಸಂಕೋಚಕ್ಕೆ ಸುಮ್ಮನಿದ್ದರೆ ಅದು ಮರ್ಯಾದೆಯಲ್ಲ, ಬೇಜವಾಬ್ದಾರಿ. ‘ಅಣ್ಣ, ತಂತಿ ಇರೋ ಸಾಲು ಮಾತ್ರ ಬೇಡ, ಅದನ್ನ ಲೈನ್ ಆಫ್ ಮಾಡ್ಸಿ ಆಮೇಲೆ ನೋಡಣ’ ಎಂಬ ಮಾತಿನಲ್ಲಿ ಬಿಗಿಯೂ ಇದೆ, ಅವನ ಮಾನವೂ ಇದೆ.

ಆಜ್ಞೆಯಿಂದ ಆಗದ ಕೆಲಸಗಳೂ ಇವೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆವರೆಗೆ ಅದನ್ನು ಹರಡುವ ಉಣುಗಿನ ಕಾಟ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2019ರ ಸುಮಾರಿಗೆ ಸಾವುಗಳಾದಾಗ ಇಡೀ ಜಿಲ್ಲೆ ನಡುಗಿತ್ತು. ಹಳೇ ಲಸಿಕೆ ಪರಿಣಾಮ ಸಾಲದೆ 2022ರಲ್ಲಿ ನಿಂತಿತು. ಉಳಿದಿದ್ದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಮತ್ತು ‘ಕಾಡಿಗೆ ಹೋಗಬೇಡಿ’ ಎಂಬ ಎಚ್ಚರಿಕೆ. ಆದರೆ ಕೊಟ್ಟಿಗೆಗೆ ತರಗೆಲೆ ಎಲ್ಲಿಂದ ಬರಬೇಕು? ಗೊಬ್ಬರ ಇಲ್ಲದೆ ತೋಟ ಹೇಗೆ? ತಾಲ್ಲೂಕು ಮೀಟಿಂಗ್‌ನಿಂದ ಹೊರಟ ಆದೇಶವನ್ನು ಹಾಗೇ ಓದಿ ಹೇಳಿದರೆ ಜನ ತಲೆಯಾಡಿಸುತ್ತಾರೆ, ಬೆಳಿಗ್ಗೆ ಎದ್ದು ಕಾಡಿಗೆ ಹೋಗುತ್ತಾರೆ. ಎಣ್ಣೆ ಹಚ್ಚಿಕೊಂಡು, ಮೈತುಂಬಾ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಮಂಗ ಸತ್ತ ಜಾಗದ ಕಡೆ ಮಾತ್ರ ಬೇಡ ಎಂದು ಅಂಗಳದಲ್ಲಿ ಕೂತು ಹೇಳುವ ಆಶಾ ಕಾರ್ಯಕರ್ತೆಯ ಮಾತಿಗೆ ಹೆಚ್ಚು ಬೆಲೆ. ಅದೇ ಆಶಾ ಕಾರ್ಯಕರ್ತೆ ಜ್ವರ ಬಂದವನ ಮನೆಯಲ್ಲಿ ಚರ್ಚೆ ಮಾಡುತ್ತಾ ಕೂರಬಾರದು. ಅಲ್ಲಿ ‘ಏಳಿ, ಆಸ್ಪತ್ರೆಗೆ’ ಎನ್ನಬೇಕು. ಹುದ್ದೆಯ ಅಧಿಕಾರ ಏನೂ ಇಲ್ಲದ ಇವರು ದಿನಕ್ಕೆ ಹತ್ತು ಸಲ ದನಿ ಬದಲಿಸುತ್ತಾರೆ, ಯಾವ ತರಬೇತಿ ಹಾಲೂ ಅವರನ್ನು ಕರೆಯುವುದಿಲ್ಲ.

ಕೊಳಗದ ಮಾತು

ಈಗ ಅಪಾಯದ ಭಾಗಕ್ಕೆ ಬರೋಣ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರಂಥವರು ಸಂಘಟಿಸಿದ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದರ ಹಿಂದಿದ್ದ ತಕರಾರುಗಳಲ್ಲಿ ಒಂದು ಭತ್ತ ಅಳೆಯುವ ಕೊಳಗದ್ದು. ಗೇಣಿ ಅಳೆದುಕೊಳ್ಳುವಾಗ ಒಡೆಯರು ಬಳಸುವ ಕೊಳಗ ಲೆಕ್ಕದ ಕೊಳಗಕ್ಕಿಂತ ದೊಡ್ಡದು ಎಂಬುದು ರೈತರ ಸಿಟ್ಟು. ಒಡೆಯರು ಎಷ್ಟು ನಯವಾಗಿ ಮಾತಾಡಿದರೂ ಕೊಳಗ ದೊಡ್ಡದಿದ್ದರೆ ಏನು ಬಂತು?

ಸಂದರ್ಭಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದು ಎಂಬ ಮಾತಿನ ಹಿಂದೆ ಅಡಗಿಕೊಂಡು ಕೊಳಗವನ್ನೇ ಬದಲಿಸುವವರು ಇವತ್ತೂ ಇದ್ದಾರೆ. ಮಳೆಗಾಲದಲ್ಲಿ ಬಸ್ಸು ತಡವಾಗಿ ಬಂದಾಗ ತಮ್ಮ ಊರಿನ ಹುಡುಗನಿಗೆ ‘ಪರವಾಗಿಲ್ಲ ಬಿಡೋ’, ಇನ್ನೊಬ್ಬನಿಗೆ ಅರ್ಧ ದಿನದ ಸಂಬಳ ಕಟ್. ಆಗುಂಬೆ ಕಡೆಯಿಂದ ಬರುವವರಿಗೆ ಜುಲೈನಲ್ಲಿ ಹತ್ತು ನಿಮಿಷ ವಿನಾಯಿತಿ ಕೊಡುವುದು ನ್ಯಾಯವೇ. ಆ ರಸ್ತೆಯಲ್ಲಿ ಬರುವ ಎಲ್ಲರಿಗೂ ಕೊಡಬೇಕು ಅಷ್ಟೇ. ಚೆನ್ನಾಗಿ ಮಾತಾಡುವವನ ಐಡಿಯಾ ಮೇಲಿನವರೆಗೆ ಹೋಗುತ್ತದೆ, ಮರಳಿನ ಆಪರೇಟರ್ ಹೇಳಿದ್ದು ಇನ್ನೊಬ್ಬರ ಹೆಸರಲ್ಲಿ ಹೋಗುತ್ತದೆ. ಹೊರಗಿನಿಂದ ಬಂದವರಿಗೆ ಭಾಷೆ ಬರುವುದಿಲ್ಲ ಅಂತ ಜೋರಾಗಿ ಕೂಗುತ್ತಾರೆ, ಕೂಗಿದರೆ ಕನ್ನಡ ಅರ್ಥವಾಗುತ್ತದೆ ಎಂಬಂತೆ. ಕೈ ಮಾಡಿ ತೋರಿಸಿದರೆ ಸಾಕಾಗಿತ್ತು.

ಸಂಬಳ, ರಜೆ, ಸುರಕ್ಷತೆ, ಹೆಸರು, ಇವು ಯಾರ ಮುಖ ನೋಡಿಯೂ ಬದಲಾಗಬಾರದು. ಕಾನೂನು ಕೂಡ ಆ ಕಡೆಗೇ ಹೋಗುತ್ತಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಬೇಕು. ‘ನಂಬಿಕೆ ಮೇಲೆ ನಡೀತಿದೆ’ ಎಂಬ ಮಾತು ಇನ್ನು ಸಾಲದು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ಇಂಥ ರಜೆ ಕೇಳಿದಾಗ ಸೂಪರ್‌ವೈಸರ್ ಹೇಗೆ ಮಾತಾಡುತ್ತಾರೆ ಎಂಬುದರಲ್ಲಿ ದನಿಗೆ ಜಾಗ ಇದೆ. ಒಬ್ಬಳು ನೇರವಾಗಿ ಹೇಳುತ್ತಾಳೆ, ಇನ್ನೊಬ್ಬಳು ಗಂಡಸು ಇನ್‌ಚಾರ್ಜ್ ಹತ್ತಿರ ಬಾಯಿ ಬಿಡಲಾರಳು. ಹೇಳಲಾರದವಳಿಗೆ ದಾರಿ ಮಾಡಿಕೊಡುವುದು ನಾಯಕತ್ವ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ಆರಿಸುವುದು ದೊಡ್ಡ ಕೊಳಗ.

ಎಲ್ಲರಿಗೂ ದನಿ ಬದಲಿಸೋಕೆ ಬರುತ್ತದಾ ಎಂಬ ಪ್ರಶ್ನೆ ಉಳಿಯುತ್ತದೆ. ಫ್ರೆಡ್ ಫೀಡ್ಲರ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲೇ ಬರುವುದಿಲ್ಲ ಎಂದಿದ್ದರು. ಮನುಷ್ಯನ ರೀತಿ ಅಷ್ಟು ಸುಲಭಕ್ಕೆ ಬದಲಾಗದು, ಅವನ ರೀತಿಗೆ ಹೊಂದುವ ಜಾಗಕ್ಕೆ ಅವನನ್ನು ಹಾಕಿ ಅಥವಾ ಕೆಲಸದ ಏರ್ಪಾಟನ್ನೇ ಬದಲಿಸಿ ಎಂಬುದು ಅವರ ವಾದ. ಪೂರ್ತಿ ಒಪ್ಪದಿದ್ದರೂ ಇದರಲ್ಲಿ ಅನುಭವದ ಸತ್ಯ ಇದೆ. ಫರ್ನೇಸ್ ಹತ್ತಿರ ಅದ್ಭುತವಾಗಿ ಕೆಲಸ ತೆಗೆಯುವವರು ಕೆಲವರಿಗೆ ಮೀಟಿಂಗ್ ಎಂದರೆ ಅಲರ್ಜಿ. ಅವರನ್ನು ಎರಡು ದಿನದ ತರಬೇತಿಗೆ ಕಳಿಸಿ ಸೌಮ್ಯ ಮಾಡುವ ಬದಲು ರಿಜೆಕ್ಷನ್ ಮೀಟಿಂಗ್ ನಡೆಸೋಕೆ ಕ್ವಾಲಿಟಿ ವಿಭಾಗದ ತಾಳ್ಮೆಯ ಮನುಷ್ಯನನ್ನು ಕೂರಿಸಿದರೆ ಕೆಲಸ ಆಗುತ್ತದೆ. ಸಣ್ಣ ಘಟಕಗಳಲ್ಲಿ ಈ ಸೌಲಭ್ಯ ಇಲ್ಲ. ಎಂಟು ಜನರ ವರ್ಕ್‌ಶಾಪಿನಲ್ಲಿ ಮಾಲೀಕನೇ ಸೂಪರ್‌ವೈಸರ್, ಅವನೇ ಅಕೌಂಟೆಂಟ್, ಅವನೇ ಡ್ರೈವರ್. ಬ್ಯಾಂಕಿನ ಕಂತಿನ ದಿನ ಅವನ ದನಿ ಹೇಗಿರುತ್ತದೆ ಅಂತ ಯಾವ ಮಾದರಿಯೂ ಹೇಳುವುದಿಲ್ಲ.

ಊರಿಂದಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಐಟಿ ಹುಡುಗರ ಕಥೆ ಬೇರೆಯೇ ಲೇಖನ ಬೇಡುತ್ತದೆ. ಕರೆಂಟ್ ಹೋದ ಮಧ್ಯಾಹ್ನ ಮಾತು ಕೇಳದ ಮ್ಯಾನೇಜರ್‌ಗಿಂತ ‘ಸಂಜೆ ಆರರೊಳಗೆ ಕೆಲಸ ಕೈಗೆ ಕೊಡು, ಯಾವಾಗ ಮಾಡ್ತೀಯೋ ನಿನಗೆ ಬಿಟ್ಟಿದ್ದು’ ಎನ್ನುವವನ ಹತ್ತಿರ ಹುಡುಗರು ಉಳಿಯುತ್ತಾರೆ ಎಂದಷ್ಟೇ ಇಲ್ಲಿಗೆ ಸಾಕು.

ನನಗೆ ಹೆಚ್ಚು ಕಾಡುವುದು ನಡುವೆ ಸಿಕ್ಕಿಕೊಂಡವರ ಸ್ಥಿತಿ. ಲೈನ್ ಸೂಪರ್‌ವೈಸರ್ ಕೆಳಗಿನವರ ಹತ್ತಿರ ದಿನವಿಡೀ ದನಿ ಬದಲಿಸಬೇಕು ಎಂದು ನಾವು ಬಯಸುತ್ತೇವೆ. ಅವಳ ಮೇಲಿನ ಫ್ಲೋರ್ ಇನ್‌ಚಾರ್ಜ್ ಮಾತ್ರ ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಒಂದೇ ದನಿಯಲ್ಲಿ ‘ಟಾರ್ಗೆಟ್ ಎಲ್ಲಿ?’ ಎನ್ನುತ್ತಿರುತ್ತಾರೆ. ಹೊಸ ಸ್ಟೈಲ್ ಬಂದ ಸೋಮವಾರವೂ ಅದೇ ಟಾರ್ಗೆಟ್ ಇಟ್ಟರೆ ಪಕ್ಕದಲ್ಲಿ ನಿಂತು ಹೊಲಿದು ತೋರಿಸೋಕೆ ಅವಳಿಗೆ ಹೊತ್ತೆಲ್ಲಿದೆ? ಚೆನ್ನಾಗಿ ಹೊಲಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಬಡ್ತಿ ಕೊಟ್ಟಿರುತ್ತಾರೆ. ನಲವತ್ತು ಐವತ್ತು ಜನರನ್ನು ಸಂಭಾಳಿಸುವುದು ಹೊಲಿಗೆಗಿಂತ ಬೇರೆ ಕೆಲಸ, ಅದರಲ್ಲಿ ಅವಳೇ ಹೊಸಬಳು. ನಾಲ್ಕು ಮನೆಯ ಚೌಕದ ಪ್ರಕಾರ ಅವಳಿಗೆ ಈಗ ಬಿಡಿಸಿ ಹೇಳುವವರು ಬೇಕು. ಹೊಸ ಆರ್ಡರ್‌ನ ಮೊದಲ ಮೂರು ದಿನ ಟಾರ್ಗೆಟ್ ಇಳಿಸಿ ಕೊಡುವ, ಬಡ್ತಿಯ ಮೊದಲ ತಿಂಗಳು ಹಳೇ ಸೂಪರ್‌ವೈಸರ್ ಜೊತೆಗೆ ನಿಲ್ಲಿಸುವ, ಗಮನ ಕೊಟ್ಟು ಲೈನ್ ನಡೆಸಿದವಳಿಗೆ ಸಂಬಳದಲ್ಲಿ ವ್ಯತ್ಯಾಸ ತೋರಿಸುವ ತೀರ್ಮಾನಗಳು ಅವಳ ಕೈಯಲ್ಲಿಲ್ಲ. ಅವು ಮೇಲಿನ ಮಹಡಿಯ ಕ್ಯಾಬಿನ್‌ನಲ್ಲಿ ಆಗಬೇಕಾದವು. ಮುಂದಿನ ತರಬೇತಿಗೆ ಅವಳ ಹೆಸರು ಬರೆಯುವ ಮೊದಲು ಆ ಕ್ಯಾಬಿನ್‌ನವರ ಹೆಸರನ್ನೂ ಪಟ್ಟಿಗೆ ಸೇರಿಸಬಹುದು.